ಠಾಣೆಯ ತೆಲುಗು

ವಿಶಾಖಪಟ್ನಂನ ರಿಫೈನರಿಯಿಂದ ವಿಜಯವಾಡದ ಮೂಲಕ ಸಿಕಂದರಾಬಾದಿನವರೆಗೆ ಎಚ್‌ಪಿಸಿಎಲ್‌ನ ಪೈಪ್‌ಲೈನ್ ಇದೆ. ಉದ್ದ 572 ಕಿಲೋಮೀಟರ್. ಪೆಟ್ರೋಲು, ಡೀಸೆಲ್ಲು ಒಂದರ ಹಿಂದೊಂದು ಅದೇ ಕೊಳವೆಯಲ್ಲಿ ನೆಲದಡಿಯಲ್ಲೇ ಹರಿದು ಬರುತ್ತವೆ. ಯಾರೂ ಹೊರಬೇಕಿಲ್ಲ, ಯಾರೂ ನಿದ್ದೆಗೆಡಬೇಕಿಲ್ಲ. ಆದರೆ ಡಿಪೊದಿಂದ ಬಂಕಿಗೆ ಹೋಗುವ ಕೊನೆಯ ಹತ್ತಿಪ್ಪತ್ತು ಕಿಲೋಮೀಟರಿಗೆ ಮಾತ್ರ ಒಂದು ಟ್ಯಾಂಕರ್ ಲಾರಿ ಬೇಕು, ಅದಕ್ಕೊಬ್ಬ ಡ್ರೈವರ್ ಬೇಕು. ನಮ್ಮ ಪ್ರಾಜೆಕ್ಟ್ ಮೀಟಿಂಗುಗಳಲ್ಲಿ ಇಂಥದ್ದಕ್ಕೆ ಕೆಂಪು ಬಣ್ಣ ಹಚ್ಚಿ 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಎಂದು ಬರೆಯುತ್ತೇವೆ. ಬರೆದು ಮುಂದಿನ ಸ್ಲೈಡಿಗೆ ಹೋಗುತ್ತೇವೆ.

2024ರ ಜನವರಿ 2, ಮಂಗಳವಾರ, ಆ ಕೆಂಪು ಚೌಕ ನಮಗೆ ಇಬ್ರಾಹಿಂಪಟ್ನಂನಲ್ಲಿ ಎದುರಾಯಿತು.

ಕ್ರಿಸ್‌ಮಸ್ ರಜೆಗೆ ಹೈದರಾಬಾದಿನಲ್ಲಿ ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದು ವಿಶಾಖಪಟ್ನಂ, ಅರಕು ಸುತ್ತಿ ವಾಪಸಾಗುತ್ತಿದ್ದೆವು. ಹೆಂಡತಿ, ಇಬ್ಬರು ಮಕ್ಕಳು, ನಾನು. ಒಳಗೆ ಮಡಚುವ ಹಾಸಿಗೆ, ಪುಟ್ಟ ಸಿಂಕು, ಗ್ಯಾಸ್ ಒಲೆ. ಗಾಡಿ ಡೀಸೆಲ್ಲಿನದು. ಏಲೂರು ದಾಟಿದ ಮೇಲೆ ಕಂಡ ಎರಡು ಬಂಕುಗಳಿಗೆ ಹಗ್ಗ ಕಟ್ಟಿದ್ದರು. ವಿಜಯವಾಡದೊಳಗೆ ಬೈಕುಗಳ ಸಾಲು ರಸ್ತೆಗೇ ಬಂದಿತ್ತು. ಅಷ್ಟು ದೊಡ್ಡ ಗಾಡಿಯನ್ನು ಅಲ್ಲಿ ನುಗ್ಗಿಸಲಾಗದೆ ಊರಾಚೆ ನೋಡೋಣವೆಂದು ಮುಂದೆ ಬಂದೆವು. ಇಬ್ರಾಹಿಂಪಟ್ನಂನ ಬಂಕಿನಲ್ಲಿ ರಟ್ಟಿನ ಮೇಲೆ 'ನೋ ಸ್ಟಾಕ್' ಎಂದು ಬರೆದು ತೂಗುಹಾಕಿದ್ದರು. ಪಕ್ಕದ ಕೊಂಡಪಲ್ಲಿಯಲ್ಲೇ ತೈಲ ಕಂಪನಿಗಳ ದೊಡ್ಡ ದೊಡ್ಡ ಟ್ಯಾಂಕುಗಳಿವೆ. ಸಮುದ್ರದ ದಂಡೆಯಲ್ಲಿ ಬಾಯಾರಿ ನಿಂತ ಹಾಗಿತ್ತು ನಮ್ಮ ಸ್ಥಿತಿ. ಟ್ಯಾಂಕಿನಲ್ಲಿ ಉಳಿದಿದ್ದುದು ಹೆಚ್ಚೆಂದರೆ ಎಂಟು ಲೀಟರ್. ಮನೆ ಇನ್ನೂ 250 ಕಿಲೋಮೀಟರಿಗೂ ದೂರ.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಹೊಸ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಉಪಕಲಮಿನ ವಿರುದ್ಧ ದೇಶದ ಹಲವೆಡೆ ಲಾರಿ ಚಾಲಕರು ಗಾಡಿ ನಿಲ್ಲಿಸಿದ್ದರು. ಅಜಾಗರೂಕತೆಯಿಂದ ಗಾಡಿ ಓಡಿಸಿ ಸಾವಿಗೆ ಕಾರಣನಾಗಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾದರೆ ಹತ್ತು ವರ್ಷದವರೆಗೆ ಜೈಲು, ದಂಡ. ಹಳೆಯ ಐಪಿಸಿ 304ಎ ಪ್ರಕಾರ ಅಜಾಗರೂಕತೆಯ ಸಾವಿಗೆ ಗರಿಷ್ಠ ಶಿಕ್ಷೆ ಎರಡು ವರ್ಷವಿತ್ತು. ಟ್ಯಾಂಕರುಗಳೂ ನಿಂತುಬಿಡುತ್ತವೆ ಎಂಬ ಸುದ್ದಿಗೆ ಜನ ಬಂಕುಗಳಿಗೆ ಮುಗಿಬಿದ್ದಿದ್ದರು. ಹೈದರಾಬಾದಿನಲ್ಲಿ ಫುಡ್ ಡೆಲಿವರಿ ಹುಡುಗನೊಬ್ಬ ಕುದುರೆ ಹತ್ತಿ ಹೊರಟ ವಿಡಿಯೊ ಅಷ್ಟು ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟ್ ಗುಂಪಿಗೂ ಬಂತು. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ.

ನಾನು ಆ ಕಾನೂನಿನ ಪರ. ಅದಕ್ಕೊಂದು ಕಾರಣವಿದೆ. 2009ರಲ್ಲಿ ತಿಪಟೂರಿನಿಂದ ಅರಸೀಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಚಿಕ್ಕಪ್ಪನ ಸೈಕಲ್ಲಿಗೆ ಯಾವುದೋ ಗಾಡಿ ಗುದ್ದಿ ಹೋಯಿತು. ರಾತ್ರಿ ಎಂಟಕ್ಕೆ ತೋಟದಿಂದ ಹೊರಟವರು ಬೆಳಗಿನ ಜಾವ ಹಾಲಿನವನ ಕಣ್ಣಿಗೆ ಬಿದ್ದರು. ಎರಡು ಗಂಟೆ ಮುಂಚೆ ತಂದಿದ್ದರೆ ಉಳಿಯುತ್ತಿದ್ದರೇನೋ ಎಂದರು ಡಾಕ್ಟರು. ಗಾಡಿ ಯಾವುದೆಂದು ಇವತ್ತಿಗೂ ಗೊತ್ತಿಲ್ಲ. ಗುದ್ದಿ ಓಡಿದ ಪ್ರಕರಣದ ಸಾವಿಗೆ ಆಗ ಇದ್ದ ಸರ್ಕಾರಿ ಪರಿಹಾರ 25,000 ರೂಪಾಯಿ. ಅದು 2 ಲಕ್ಷವಾದದ್ದು 2022ರ ಏಪ್ರಿಲ್‌ನಲ್ಲಿ. ಅದೇ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಹೀಗೆ ಗುದ್ದಿ ಓಡಿಹೋದ ಪ್ರಕರಣಗಳ ಸಾವು 30,486. ಆ ಅಂಕಿಗಳ ನಡುವೆ ನನಗೆ ಚಿಕ್ಕಪ್ಪನ ಸೈಕಲ್ಲೇ ಕಾಣುತ್ತದೆ.

ಇಬ್ರಾಹಿಂಪಟ್ನಂ ಲಾರಿಗಳ ಊರು. ಉತ್ತರಾಖಂಡದ ಸಿತಾರ್‌ಗಂಜ್‌ನಿಂದ ಬರುವ ರಾಷ್ಟ್ರೀಯ ಹೆದ್ದಾರಿ 30 ಇಲ್ಲಿಗೆ ಬಂದು ಮುಗಿಯುತ್ತದೆ. ಪುಣೆಯಿಂದ ನಮ್ಮ ಹುಮನಾಬಾದಿನ ಮೇಲೆ ಹಾದು ಮಚಲೀಪಟ್ನಂಗೆ ಹೋಗುವ 65 ಇಲ್ಲೇ ಅದಕ್ಕೆ ಸಿಗುತ್ತದೆ. ಶಾಖೋತ್ಪನ್ನ ಸ್ಥಾವರದ ಚಿಮಣಿಗಳು ಆಕಾಶದಲ್ಲಿ. ಕೆಳಗೆ ರಸ್ತೆಬದಿಗೆ ಒಂದರ ಹಿಂದೊಂದು ನಿಂತ ಲಾರಿಗಳು. ನಾವು ಒಂದು ಢಾಬಾದ ಮುಂದೆ ಗಾಡಿ ನಿಲ್ಲಿಸಿದೆವು. ಹೆಂಡತಿ ಚಿಕ್ಕವನನ್ನು ಕನ್ನಡದಲ್ಲಿ ಗದರುತ್ತಿದ್ದಳು.

"ಯಾವೂರ್ರಿ ಅಕ್ಕಾರ?"

ತಿರುಗಿ ನೋಡಿದರೆ ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಟವೆಲ್. ಮುಧೋಳದ ಕಡೆಯವರು, ಸಕ್ಕರೆ ಮೂಟೆ ಹೇರಿಕೊಂಡು ರಾಜಮಂಡ್ರಿಗೆ ಹೊರಟವರು. ನಿನ್ನೆಯಿಂದ ಇಲ್ಲೇ ಇದ್ದಾರೆ. "ಮಾಲಕರು ನಿಲ್ಸು ಅಂದ್ರು, ನಿಲ್ಸೀನಿ. ಹೋದ್ರ ಮುಂದ ಯಾರರ ಕಲ್ಲ ಒಗದಾರು ಅಂತ ಅವ್ರಿಗೆ ಅಂಜಿಕಿ." ಕ್ಯಾರವಾನಿನ ಒಳಗೆ ಇಣುಕಿ ಹಾಸಿಗೆ, ಒಲೆ, ಸಿಂಕು ಎಲ್ಲ ನೋಡಿದರು. "ಚಲೋ ಐತ್ರಿ. ನಮ್ದೂ ಹಿಂಗ, ಮನಿ ಗಾಡ್ಯಾಗ. ಬಾಡಿಗಿ ಅಷ್ಟ ನಾವು ಕೊಡೂದಿಲ್ಲ" ಎಂದು ನಕ್ಕರು.

ಚಹಾ ಕುಡಿಯುತ್ತಾ ನಾನೇ ಕಾನೂನಿನ ಮಾತು ತೆಗೆದೆ. ಓಡಿಹೋದರೆ ತಾನೇ ಹತ್ತು ವರ್ಷ, ಪೊಲೀಸರಿಗೆ ತಿಳಿಸಿದರೆ ಆ ಉಪಕಲಂ ತಗಲುವುದಿಲ್ಲವಲ್ಲ ಅಂದೆ.

"ಯಾವ ಭಾಷಾದಾಗ ತಿಳಸ್ಲಿ ಸರ?"

ನಾನು ಸುಮ್ಮನಾದೆ. ಅವರೇ ಮುಂದುವರಿಸಿದರು. "ಚಾ, ಊಟ, ಟೋಲು, ಪಂಚರ್, ಇಷ್ಟಕ್ಕ ತೆಲುಗು ಬರತೈತಿ. ರಾತ್ರಿ ಎರಡಕ್ಕ ರಸ್ತಾದಾಗ ಮನಷ್ಯಾ ಬಿದ್ದಾಗ ನನಗ ನನ್ನ ಹೆಸರ ನೆನಪ ಆಗೂದಿಲ್ಲ. ಅದು ಯಾವ ಊರು, ಯಾವ ಠಾಣೆ?" 112 ಇದೆಯಲ್ಲ ಅಂದೆ. "ಐತ್ರಿ. ಅವ್ರು ಫೋನ್ ಎತ್ತೂದ್ರಾಗ ಜನ ಬಂದಿರತಾರ. ನಮ್ಮ ದೋಸ್ತ ಒಬ್ಬಾಂವ ನಿಂತಿದ್ದ. ತಪ್ಪ ಬೈಕಿನವಂದು. ಕೇಳಾಕ ಯಾರು? ಒಂದ ಕಣ್ಣ ಹೋತು ಅವಂದು. ಓಡಿದ್ರ ಹತ್ತ ವರ್ಷ, ನಿಂತ್ರ ಅಲ್ಲೇ ಹೆಣ."

ಚಿಕ್ಕಪ್ಪನ ಕಥೆಯನ್ನು ನಾನೂ ಹೇಳಿದೆ. ಅವರು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅದು ಪಾಪದ ಕೆಲಸ ಸರ. ಮುಂದಿನ ಊರಾಗರ ಯಾರಿಗರ ಹೇಳಿ ಹೋಗಬೇಕಿತ್ತು" ಅಂದರು. ತಮ್ಮವರ ಪರ ವಾದಿಸಲಿಲ್ಲ.

ಹನ್ನೆರಡು ವರ್ಷದಿಂದ ಹೈದರಾಬಾದಿನಲ್ಲಿದ್ದೇನೆ. ನನಗೆ ತರಕಾರಿ ಕೊಳ್ಳುವ ತೆಲುಗು ಬರುತ್ತದೆ, ಲಿಫ್ಟಿನಲ್ಲಿ ಕುಶಲ ಕೇಳುವ ತೆಲುಗು ಬರುತ್ತದೆ. ಠಾಣೆಯ ತೆಲುಗು ಬರುವುದಿಲ್ಲ. ಆದರೆ ನನಗೆ ಇಂಗ್ಲಿಷ್ ಇದೆ, ಕಂಪನಿಯ ಕಾರ್ಡಿದೆ, ಫೋನ್ ಮಾಡಿದರೆ ಬರುವ ಸಹೋದ್ಯೋಗಿಗಳಿದ್ದಾರೆ. ಊರು ಬಿಟ್ಟವರು ನಾವೆಲ್ಲ ಒಂದೇ ಎಂದು ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ. ಒಂದಲ್ಲ. ಅವರು ಪ್ರತಿ ರಾತ್ರಿ ಹೊಸದಾಗಿ ಊರು ಬಿಡುತ್ತಾರೆ.

ಡೀಸೆಲ್ ಕೊಟ್ಟದ್ದೂ ಅವರೇ. ನಾವು ಕೇಳಿರಲಿಲ್ಲ. "ಮಕ್ಕಳ್ನ ಕಟಗೊಂಡ ಎಷ್ಟೊತ್ತ ಕುಂದರತೀರಿ?" ಎಂದು ಮಾಲೀಕರಿಗೆ ಫೋನ್ ಮಾಡಿ ಒಪ್ಪಿಸಿದರು. ಲಾರಿಯ ಟ್ಯಾಂಕಿಗೆ ಪೈಪು ಇಳಿಬಿಟ್ಟು, ಐದು ಲೀಟರಿನ ನೀರಿನ ಕ್ಯಾನಿಗೆ ಐದು ಸಲ ತುಂಬಿಸಿ, ನುಣುಪು ಬಟ್ಟೆಯಲ್ಲಿ ಸೋಸಿ ನಮ್ಮ ಗಾಡಿಗೆ ಹುಯ್ದರು. ಅದು ಹುಮನಾಬಾದಿನ ಡೀಸೆಲ್. ಆಗ ಕರ್ನಾಟಕದಲ್ಲಿ ಲೀಟರಿಗೆ 88 ರೂಪಾಯಿ ಆಸುಪಾಸು, ಆಂಧ್ರದಲ್ಲಿ ಅದಕ್ಕಿಂತ ಹತ್ತು ರೂಪಾಯಿಯಾದರೂ ಹೆಚ್ಚು. ಹಾಗಾಗಿ ಗಡಿ ದಾಟುವ ಮುಂಚೆಯೇ ಟ್ಯಾಂಕ್ ತುಂಬಿಸಿಕೊಳ್ಳುವುದು ಅವರ ವಾಡಿಕೆ. ನಾನು ಇಲ್ಲಿಯ ದರವನ್ನೇ ಕೊಡುತ್ತೇನೆಂದೆ. ಕೇಳಲಿಲ್ಲ. 25 ಲೀಟರಿಗೆ 2,200 ರೂಪಾಯಿ, ಅದೂ ಮಾಲೀಕರ ನಂಬರಿಗೆ ಫೋನ್‌ಪೇ. ತಮಗೆಂದು ಏನೂ ತೆಗೆದುಕೊಳ್ಳಲಿಲ್ಲ; ಮಕ್ಕಳು ಕೊಟ್ಟ ಅರಕು ಕಾಫಿಪುಡಿಯ ಪೊಟ್ಟಣ ಮಾತ್ರ ಟವೆಲಿನಲ್ಲಿ ಕಟ್ಟಿಕೊಂಡರು.

ಅದೇ ರಾತ್ರಿ ದೆಹಲಿಯಲ್ಲಿ ಕೇಂದ್ರ ಗೃಹ ಕಾರ್ಯದರ್ಶಿ ಅಜಯ್ ಭಲ್ಲಾ ಸಾರಿಗೆ ಸಂಘಟನೆಯವರ ಜತೆ ಮಾತಾಡಿ, ಅವರೊಂದಿಗೆ ಚರ್ಚಿಸಿಯೇ ಮುಂದಿನ ತೀರ್ಮಾನ ಎಂದರು. ಲಾರಿಗಳು ಹೊರಟವು. 2024ರ ಜುಲೈ 1ರಂದು ನ್ಯಾಯ ಸಂಹಿತೆ ಜಾರಿಗೆ ಬಂದಾಗ 106(2)ನ್ನು ಮಾತ್ರ ತಡೆಹಿಡಿದರು.

ಸುದ್ದಿ ಅಲ್ಲಿಗೆ ಮುಗಿಯಿತು. ಗೆದ್ದವರು ಯಾರೆಂದು ನನಗೆ ತಿಳಿಯಲಿಲ್ಲ. ಗುದ್ದಿದವನು ನಿಲ್ಲಬೇಕು, ಅದರಲ್ಲಿ ನನಗೆ ಈಗಲೂ ಎರಡು ಮಾತಿಲ್ಲ. ಆದರೆ ನಿಂತವನನ್ನು ಗುಂಪಿನಿಂದ ಕಾಯುವವರು ಯಾರು, ಅವನ ಭಾಷೆಯಲ್ಲಿ ಫೋನ್ ಎತ್ತುವವರು ಯಾರು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕಲ್ಲವೇ? ಅದನ್ನು ಬರೆಯದೆ ಹತ್ತು ವರ್ಷ ಎಂದಷ್ಟೇ ಬರೆದರೆ ಡ್ರೈವರ್ ಇನ್ನೂ ಜೋರಾಗಿ ಓಡಿಸುತ್ತಾನೆ. ಬಿದ್ದವನು ಹಾಲಿನವನು ಬರುವವರೆಗೆ ಅಲ್ಲೇ ಬಿದ್ದಿರುತ್ತಾನೆ.