ನೀರಿನಲ್ಲಿ ನಿಂತ ಕಬ್ಬು

ಸೂಪರ್ ಮಾರ್ಕೆಟ್ಟಿನಲ್ಲಿ ಕಬ್ಬಿನ ಹಾಲು ಕುಡಿಯುವಾಗಲೆಲ್ಲ ನನಗೆ ಕಮಲಾಪುರದ ನಮ್ಮ ತಗ್ಗಿನ ಹೊಲ ನೆನಪಾಗುತ್ತದೆ. 2020ರ ಅಕ್ಟೋಬರಿನ ಮಳೆಗೆ ಅಲ್ಲಿ ನೀರು ನಿಂತು ಕಬ್ಬು ಹಳದಿಯಾಯಿತು. “ನೀರು ಬೇಡೋ ಬೆಳಿ ನೀರಾಗೇ ಯಾಕ ಸಾಯ್ತದೋ?” ಎಂದು ಅಪ್ಪ ಕೇಳಿದರು. ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ಆದರೂ ಉತ್ತರ ನನ್ನಲ್ಲಿರಲಿಲ್ಲ.

ಕಾಲೇಜಿಗೆ ಬಂದ ಮೇಲೆ ಓದಿ ತಿಳಿದೆನು. ನಿಂತ ನೀರು ಮಣ್ಣಿನೊಳಗಿನ ಗಾಳಿಯನ್ನು ಹೊರದೂಡುತ್ತದೆ. ಬೇರು ಉಸಿರುಕಟ್ಟಿ ಕೊಳೆಯುತ್ತದೆ. ನೀರು ತಾಳುವ ತಳಿಗಳಾದರೋ ಗೆಣ್ಣುಗಳಿಂದ ಹೊಸ ಬೇರು ಬಿಡುತ್ತವೆ. ಆ ಬೇರುಗಳೊಳಗೆ ಗಾಳಿಯಾಡುವ ಟೊಳ್ಳುಗಳಿರುತ್ತವೆ. ಇಂಥ ಗಟ್ಟಿತನದ ಒಂದು ಮೂಲ ನದಿದಂಡೆಯ ಕಾಡುಕಬ್ಬು. 1912ರಲ್ಲಿ ಆರಂಭವಾದ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಅವರು ಸಿಹಿಕಬ್ಬನ್ನು ಅದರೊಡನೆ ಸಂಕರಗೊಳಿಸಿ ‘ಕೋ 205’ ಎಂಬ ತಳಿಯನ್ನು ಪಡೆದರು. ಹೀಗೆ ಸಂಕರಗೊಳಿಸಿ, ಸಾವಿರಾರು ಸಸಿಗಳಲ್ಲಿ ಆರಿಸಿ, ಒಂದು ತಳಿಯನ್ನು ರೈತನ ಕೈಗೆ ಕೊಡಲು ಹತ್ತು ವರ್ಷಕ್ಕೂ ಮಿಗಿಲಾಗಿ ಬೇಕಾಗುತ್ತದೆ.

ರಜೆಯಲ್ಲಿ ಇದನ್ನೆಲ್ಲ ಅಪ್ಪನಿಗೆ ಹೇಳಿದೆನು. ಅವರು ಸುಮ್ಮನೆ ಕೇಳಿ, “ಯಾರಿಗೂ ಬೇಡಾದ ಹುಲ್ಲೇ ಕಬ್ಬಿಗಿ ಬಲ ಕೊಡ್ತನ್ನು” ಎಂದರು. ಆಮೇಲೆ ಗುದ್ದಲಿಯನ್ನು ನನ್ನ ಕೈಗಿತ್ತು, “ಅಂಥಾ ತಳಿ ಸಿಗೋತನಾ ನೀರರೆ ಹೊರಗ ಹಾಕೋಣ, ಬಾ” ಎಂದರು.

ಅಂದು ನಾವಿಬ್ಬರೂ ಬಸಿಗಾಲುವೆ ತೋಡಿದೆವು. ಬಿ.ಎ. ಓದಿದ್ದಕ್ಕೆ ಅಂದಿನಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.