‘ಕಾಪಿ ಮುಂದಿನ ಸಲ ಕೊಡ್ತೀವಿ’

ಸಂಧಿವಾತ ಬಲಿತು, ಬೆಳಗಿನ ಹೊತ್ತು ಬೆರಳು ಮಡಚಲಾಗದೆ ಮುದ್ದೆ ಕೋಲು ಹಿಡಿಯುವುದನ್ನೇ ಬಿಟ್ಟಿದ್ದೆ. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಸಾಲುತ್ತಿರಲಿಲ್ಲ. ಆಗ ದೊಡ್ಡಾಸ್ಪತ್ರೆಯ ಡಾಕ್ಟರು, “ಹೊಸ ಮಾತ್ರೆದು ಟ್ರಯಲ್ ನಡೀತಿದೆ ಅಮ್ಮ, ಔಷಧಿ, ಟೆಸ್ಟು ಎಲ್ಲ ಫ್ರೀ, ಸೇರ್ತೀರಾ?” ಎಂದರು. ಸೇರಿದೆ.

ಕೆಲವರಿಗೆ ನಿಜವಾದ ಮಾತ್ರೆ, ಉಳಿದವರಿಗೆ ಅದೇ ಬಣ್ಣ, ಅದೇ ಗಾತ್ರದ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯುವುದಿಲ್ಲವಂತೆ. ಅದರಲ್ಲಿ ನನಗೆ ತಕರಾರಿಲ್ಲ. ಗೊತ್ತಿದ್ದರೆ ನೋವು ಕಡಿಮೆಯಾಯಿತೆಂದು ನಾನೂ ಹೇಳಿಯೇನು, ಅವರೂ ಬರೆದುಕೊಂಡಾರು. ಆದರೆ ಒಪ್ಪಿಗೆ ಪತ್ರದ ಹಾಳೆಗಳನ್ನು ಕೋಆರ್ಡಿನೇಟರ್ ಹುಡುಗಿ ಸರಸರ ತಿರುವಿದಳು, ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿಸಿಕೊಂಡಳು. ಕಾಪಿ ಕೇಳಿದರೆ, “ಮುಂದಿನ ಸಲ ಕೊಡ್ತೀವಿ ಆಂಟಿ.” ಮುಂದಿನ ಸಲವೂ ಅದೇ ಮಾತು.

ಕೆಲವು ವಾರ ಕಳೆಯುವಷ್ಟರಲ್ಲಿ ಊಟ ಸೇರದಾಯಿತು. ಮೂತ್ರ ಕಡು ಹಳದಿ, ಆಮೇಲೆ ಕಣ್ಣೂ ಹಳದಿ. ಫೋನು ಮಾಡಿದರೆ, “ಗ್ಯಾಸ್ಟ್ರಿಕ್ ಇರ್ಬೇಕು, ವಿಸಿಟ್ ದಿನ ಬನ್ನಿ” ಎಂದರು. ಒಂದು ರಾತ್ರಿ ವಾಂತಿ ನಿಲ್ಲಲೇ ಇಲ್ಲ. ಊರಿನ ನರ್ಸಿಂಗ್ ಹೋಮಿಗೆ ಸೇರಿಸಿದರು. ಲಿವರ್‌ಗೆ ಪೆಟ್ಟು ಬಿದ್ದಿತ್ತು. ಅಲ್ಲಿನ ಡಾಕ್ಟರು ಮಾತ್ರೆ ಡಬ್ಬಿ ಹಿಂದೆ ಮುಂದೆ ತಿರುಗಿಸಿದರು. ಹೆಸರಿಲ್ಲ, ಬರೀ ನಂಬರು. “ಏನು ನುಂಗಿದೀರಿ ಅಂತಾದ್ರೂ ಗೊತ್ತಾಗ್ಬೇಕಲ್ಲಮ್ಮ?”

ಇಂಥ ತುರ್ತಿಗೆಂದೇ ಕೋಡ್ ಬಿಚ್ಚಿ, ನುಂಗುತ್ತಿರುವುದು ಯಾವ ಮಾತ್ರೆಯೆಂದು ತಿಳಿಯುವ ಏರ್ಪಾಡು ಟ್ರಯಲ್‌ನಲ್ಲಿ ಇರುತ್ತದೆ. ದೂರು ಹೇಳಲು ಎಥಿಕ್ಸ್ ಕಮಿಟಿಯ ಫೋನ್ ನಂಬರು ಒಪ್ಪಿಗೆ ಪತ್ರದಲ್ಲಿತ್ತು. ಪತ್ರ ಅವರ ಬೀರುವಿನಲ್ಲಿತ್ತು! ಕೊನೆಗೆ ಟ್ರಯಲ್‌ನವರು ಕೊಟ್ಟಿದ್ದ ಡೈರಿಯ ರಟ್ಟಿನ ಮೇಲಿದ್ದ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ಸಂಖ್ಯೆ ಹಿಡಿದು ಮಗ ಆನ್‌ಲೈನಿನಲ್ಲಿ ಹುಡುಕಿ ಕಮಿಟಿಯವರನ್ನು ಮುಟ್ಟಿದ. ಸಂಜೆಯೊಳಗೆ ಕೋಡ್ ಬಿಚ್ಚಿದರು. ನಾನು ನುಂಗುತ್ತಿದ್ದದ್ದು ಹೊಸ ಮಾತ್ರೆಯನ್ನೇ.

ಟ್ರಯಲ್‌ನಲ್ಲಿರುವವರು ಹೀಗೆ ಆಸ್ಪತ್ರೆ ಸೇರಿದರೆ 24 ಗಂಟೆಯೊಳಗೆ ವರದಿ ಹೋಗಬೇಕೆಂದು 2019ರ ಕೇಂದ್ರದ ನಿಯಮಗಳಲ್ಲಿದೆ. ಟ್ರಯಲ್‌ನಿಂದಾದ ತೊಂದರೆಗೆ ಉಚಿತ ಚಿಕಿತ್ಸೆಯನ್ನೂ ಕೊಡಬೇಕು. ನನ್ನ ಬಿಲ್ಲಿನ ಹಣ ಕೊಟ್ಟರು, ಮಗ ಓಡಾಡಿ ಚಪ್ಪಲಿ ಸವೆಸಿದ ಮೇಲೆ.

ಟ್ರಯಲ್ಲೇ ಬೇಡ ಎನ್ನಲಾರೆ. ಮೆಥೊಟ್ರೆಕ್ಸೇಟನ್ನೂ ನನಗಿಂತ ಮುಂಚೆ ಯಾರೋ ಹೀಗೆಯೇ ನುಂಗಿ ತೋರಿಸಿದ್ದಾರೆ. ಸೇರುವವರಿಗೆ ಹೇಳುವುದಿಷ್ಟೆ: ಸಹಿಯಾದ ಪತ್ರದ ಪ್ರತಿ ಕೊಡಬೇಕೆಂದು ಅದೇ ನಿಯಮಗಳಲ್ಲಿದೆ. ಅದು ಕೈಗೆ ಬರುವ ತನಕ ಮೊದಲ ಮಾತ್ರೆ ನುಂಗಬೇಡಿ.