ಹಿತ್ತಿಲ ಕೊಟ್ಟಿಗೆ

ಮುಂಬಾಗಿಲಿಗೆ ದಿನವೂ ನೀರು ಚಿಮುಕಿಸಿ ರಂಗೋಲಿ ಇಡುವ ಮನೆಯಲ್ಲಿಯೂ ಹಿತ್ತಿಲ ಕಡೆ ನೋಡುವವರು ಕಡಿಮೆ. ಬಂಧುಗಳು ಮುಂದಿನಿಂದ ಬರುತ್ತಾರೆ. ಗೆದ್ದಲು, ಹೆಗ್ಗಣ, ತೇವಗಳು ಹಿತ್ತಿಲ ಕಡೆಯಿಂದಲೇ ಮನೆಯನ್ನು ಹೊಗುತ್ತವೆ. ಶರಣರ ಗಣದಲ್ಲಿ ಅಂಗಳ ಗುಡಿಸುವ ಕಾಯಕದ ಸತ್ಯಕ್ಕನಿಗೂ, ಸೌದೆಯ ಹೊರೆ ಹೊತ್ತು ಮಾರಿದ ಮೋಳಿಗೆ ಮಾರಯ್ಯನಿಗೂ ಮಾನ್ಯ ಸ್ಥಾನವಿರುವುದನ್ನು ಬಲ್ಲವರಿಗೆ, ಸೌದೆ ತುಂಬಿದ ಹಿತ್ತಿಲ ಕೊಟ್ಟಿಗೆಯ ಮಾತು ಇಲ್ಲಿ ಬಂದದ್ದು ಅಸಂಗತವೆನಿಸಲಾರದು.

ಪಾಂಡವಪುರ ತಾಲ್ಲೂಕಿನ ನಾಲೆ ಬಯಲಿನ ಒಂದು ಊರಿನಲ್ಲಿ ಅಂತಹ ಕೊಟ್ಟಿಗೆಯೊಂದಿತ್ತು. ಮನೆಯ ಯಜಮಾನರು ಮೈಸೂರಿನಲ್ಲಿ ಮೂವತ್ತು ವರ್ಷ ನೌಕರಿ ಮಾಡಿ, ನಿವೃತ್ತರಾಗಿ ಊರಿಗೆ ಮರಳಿದವರು. ಎಂಬತ್ತು ದಾಟಿದ ತಾಯಿ ಅವರ ಜೊತೆಗಿದ್ದರು. ವೈಶಾಖದಲ್ಲಿ ಮಗಳ ಮದುವೆ ನಿಶ್ಚಯವಾಗಿತ್ತು. ಊಟದ ಚಪ್ಪರ ಹಿತ್ತಿಲಿನಲ್ಲಿ ಎಂದು ತೀರ್ಮಾನವಾದ ಮೇಲೆಯೇ ಆ ಕೊಟ್ಟಿಗೆ ಅವರ ಕಣ್ಣಿಗೆ ಬಿದ್ದದ್ದು. ಗೋಡೆಯ ಬುಡ ಉದುರಿ ಹೊಟ್ಟೆ ಬಿಟ್ಟಿತ್ತು, ಹೆಂಚು ಸರಿದಿತ್ತು, ಬಾಗಿಲು ಒಂದೇ ತಿರುಗಣಿಯ ಮೇಲೆ ನೇತಾಡುತ್ತಿತ್ತು. ಬೀಗರು ಎಲೆಯ ಮುಂದೆ ಕುಳಿತರೆ ಎದುರಿಗೆ ಕಾಣುವುದು ಅದೇ. ಹೊರಗಿನಿಂದ ಬಣ್ಣದ ತಗಡು ಹೊಡೆಸಿ ಮರೆಮಾಡಿಬಿಡುವುದು ಎಂದು ಅವರು ಮೊದಲು ಯೋಚಿಸಿದರು. ಅದರಲ್ಲಿ ತಪ್ಪೇನಿದೆ ಎಂದು ಕೇಳಬಹುದು. ಮದುವೆಯ ಮನೆಗೆ ಹಣವೂ ಕಡಿಮೆ, ಕಾಲವೂ ಕಡಿಮೆ.

ಹೆಂಚು ಕೈಯಾಡಿಸಲು ನಾಗಮಂಗಲದ ಕಡೆಯಿಂದ ಬಂದಿದ್ದ ಹಿರಿಯ ಕೆಲಸಗಾರರು ತಗಡಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊಟ್ಟಿಗೆಯನ್ನು ಒಂದು ಸುತ್ತು ಹಾಕಿ ಗೋಡೆಯ ಬುಡಕ್ಕೆ ಬೆರಳು ಒತ್ತಿ ನೋಡಿದರು. "ಮೊದ್ಲು ಖಾಲಿ ಮಾಡ್ಸಿ ಯಜಮಾನ್ರೇ, ಆಮೇಲ್ ನೋಡಾನ" ಎಂದು ಬೀಡಿ ಹಚ್ಚಿ ಕುಳಿತರು.

ಆ ಭಾಗದ ನೆಲದ ಗುಣವನ್ನು ಇಲ್ಲಿ ಅರಿಯಬೇಕು. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಲ್ಲೆಲ್ಲ ಕಬ್ಬು ಭತ್ತ ಬಂದವು. ಶ್ರೀರಂಗಪಟ್ಟಣದ ಸುತ್ತ ಅದಕ್ಕೂ ಎಷ್ಟೋ ಮೊದಲೇ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜಸಾಗರ ನಾಲೆಗಳಿದ್ದವು. ಕೆ.ಆರ್. ಪೇಟೆಗೆ ಹೇಮಾವತಿ. ನೀರು ಬಂದ ಊರುಗಳಲ್ಲಿ ಮಣ್ಣುಗೋಡೆಗಳು ಬುಡದಿಂದ ತೇವ ಹೀರುತ್ತವೆ. ನಾಗಮಂಗಲದ ಮಳೆಯಾಶ್ರಿತ ಕೆಂಪು ನೆಲದಲ್ಲಿ ಆ ಕಾಟ ಕಡಿಮೆ, ಅಲ್ಲಿಯ ಶತ್ರು ಗೆದ್ದಲು. ಅಲ್ಲಿನವರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿಯೇ ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಬಹುಕಾಲ ಮುಚ್ಚಿಟ್ಟ ಕಡೆಗೆ ಕಾಲಿಡುವ ಮೊದಲು ಗಾಳಿ ಬೆಳಕು ಹೋಗಬೇಕೆಂಬ ಈ ತಿಳಿವಳಿಕೆ ಆ ಕೆಲಸಗಾರರಿಗೆ ಮನೆತನದಿಂದ ಬಂದದ್ದು. ಕೊಟ್ಟಿಗೆಯ ಬಾಗಿಲು ತೆಗೆಸಿ, ಮೇಲಿನ ನಾಲ್ಕು ಸಾಲು ಹೆಂಚು ಇಳಿಸಿ, ಒಂದು ದಿನ ಹಾಗೆಯೇ ಬಿಡಿಸಿದರು. ಚೇಳು ಜರಿಗಳು ತಾವಾಗಿಯೇ ಜಾಗ ಖಾಲಿ ಮಾಡಿದವು.

ಖಾಲಿ ಮಾಡಲು ಮೂರು ದಿನ ಹಿಡಿಯಿತು. ನೇಗಿಲು, ನೊಗ, ಕುಂಟೆ, ಆಲೆಮನೆಯ ಕಾಲದ ಬೆಲ್ಲದ ಅಚ್ಚುಗಳು, ಸುಟ್ಟ ಮೋಟಾರು, ಗಟ್ಟಿಯಾಗಿ ಕಲ್ಲಾದ ಗೊಬ್ಬರದ ಚೀಲ, ಯಾವಾಗಲಾದರೂ ಬೇಕಾದೀತೆಂದು ಎತ್ತಿಟ್ಟ ಮುರುಕು ಕುರ್ಚಿಗಳು. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಬಿದ್ದ ಜಾಗದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳುಹಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಇದನ್ನು ದುರಾಸೆಯ ಖಂಡನೆ ಎಂದು ಮಾತ್ರ ವ್ಯಾಖ್ಯಾನಿಸುವುದು ವಾಡಿಕೆ. ಲಕ್ಕಮ್ಮ ಅದನ್ನು ಒಳಗಿಡಬೇಡ ಎಂದಷ್ಟೇ ಹೇಳಲಿಲ್ಲ, ಎಲ್ಲಿಂದ ಬಂತೋ ಅಲ್ಲಿಗೆ ಹಿಂದಿರುಗಿಸಲು ಹೇಳಿದಳು. ಈ ಎರಡನೆಯ ಮಾತು ಆ ಮನೆಗೆ ಮೂರನೆಯ ದಿನ ಎದುರಾಯಿತು.

ಮೂಲೆಯ ಮಣ್ಣಿನ ವಾಡೆಯೊಂದರಲ್ಲಿ, ಹಳೆಯ ಹುಲ್ಲಿನ ಕೆಳಗೆ, ಹಿತ್ತಾಳೆಯ ಕೊಳಗವೊಂದು ಸಿಕ್ಕಿತು. ಕಿಲುಬು ಉಜ್ಜಿದಾಗ ಕಂಠದ ಮೇಲೆ ಕೊರೆದ ಹೆಸರು ಕಂಡಿತು. ಅದು ಯಜಮಾನರ ದೊಡ್ಡಪ್ಪನ ಹೆಸರು. ಮನೆ ಭಾಗವಾದ ವರ್ಷ ಕಣದಲ್ಲಿ ರಾಗಿ ಅಳೆಯುತ್ತಿದ್ದ ಕೊಳಗ ಕಾಣೆಯಾಗಿತ್ತು. ದೊಡ್ಡಪ್ಪನ ಮನೆಯವರು ಇವರ ಮೇಲೆ ಅನುಮಾನಪಟ್ಟರು. ತಮ್ಮ ಮನೆಯಲ್ಲಿ ಇಲ್ಲವೆಂದು ತಂದೆ ಊರ ಹಿರಿಯರ ಮುಂದೆ ಪ್ರಮಾಣ ಮಾಡಿದ್ದರು. ಅಂದಿನಿಂದ ನಡುಗೋಡೆಯ ಆಚೆಗೂ ಈಚೆಗೂ ಮಾತಿಲ್ಲ. ಮದುವೆಯ ಕರೆಯೋಲೆಯ ಪಟ್ಟಿಯಲ್ಲಿಯೂ ಆ ಮನೆಯ ಹೆಸರಿರಲಿಲ್ಲ. ತಂದೆ, ದೊಡ್ಡಪ್ಪ ಇಬ್ಬರೂ ತೀರಿಕೊಂಡು ವರ್ಷಗಳಾಗಿದ್ದವು.

ಹಿಂದಿರುಗಿಸೋಣವೆಂದು ಮಗ ಹೇಳಿದಾಗ ತಾಯಿ ಒಪ್ಪಲಿಲ್ಲ. ಅವರು ಆಸೆಯಿಂದ ಒಲ್ಲೆನೆಂದವರಲ್ಲ. "ನಿಮ್ಮಪ್ಪ ಪ್ರಮಾಣ ಮಾಡಿದ್ರು ಕಣಪ್ಪ. ಸತ್ತೋರ್ ಮಾತು ಸುಳ್ ಮಾಡ್ತೀಯಾ?" ಎಂದರು. ತಂದೆ ತಿಳಿದೇ ಹಾಗೆ ಹೇಳಿದರೆನ್ನಲು ಆಧಾರವಿಲ್ಲ. ಸುಗ್ಗಿಯ ಗಡಿಬಿಡಿಯಲ್ಲಿ ಯಾರೋ ಆಳುಮಕ್ಕಳು ವಾಡೆಯೊಳಗೆ ಇಟ್ಟು ಮರೆತಿರಬಹುದು. ಹಾಗೆಯೇ ಆಯಿತೆನ್ನಲೂ ಆಧಾರವಿಲ್ಲ. ಮಗ ಒತ್ತಾಯಿಸಲಿಲ್ಲ. ಕೊಳಗ ಮೂರು ದಿನ ಹಿತ್ತಿಲ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕುಳಿತಿತ್ತು.

ಅಷ್ಟರಲ್ಲಿ ಗೋಡೆಯ ಕೆಲಸ ನಡೆಯಿತು. ಹತ್ತು ವರ್ಷದ ಹಿಂದೆ ಬುಡ ಭದ್ರವಾಗಲೆಂದು ಬಳಿಸಿದ್ದ ಸಿಮೆಂಟೇ ಮೂಲವ್ಯಾಧಿಯಾಗಿತ್ತು. ಹೊರಗೆ ಬರಲಾರದ ತೇವ ಅದರ ಹಿಂದೆ ನಿಂತು ಮಣ್ಣನ್ನು ಹಿಟ್ಟು ಮಾಡಿತ್ತು. ಸಿಮೆಂಟನ್ನು ಕಿತ್ತು, ಹುಲ್ಲು ಬೆರೆಸಿ ಕಲಸಿದ ಮಣ್ಣು ಮೆತ್ತಿದರು. ಅದು ಒಣಗಿದ ಮೇಲೆ ಸುಣ್ಣ. ಹರಳುಸುಣ್ಣವನ್ನು ಹಿಂದಿನ ದಿನವೇ ನೀರಿನಲ್ಲಿ ಅರಳಿಸಿ, ಸೋಸಿ, ಚಿಟಿಕೆ ನೀಲಿ ಬೆರೆಸಿ, ತೆಳ್ಳಗೆ ಎರಡು ಸಲ ಬಳಿದರು. ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ. ಸುಣ್ಣ ಅರಳುವಾಗ ಕುದಿಯುವುದರಿಂದ ಕಣ್ಣಿಗೆ ಸಿಡಿಯದಂತೆ ದೂರ ನಿಲ್ಲಬೇಕು. ಬುಡಕ್ಕೆ ಮೊಳದೆತ್ತರ ಕೆಮ್ಮಣ್ಣಿನ ಪಟ್ಟಿ. ಕಂಬಗಳಿಗೆ ಗೇರೆಣ್ಣೆ, ಅದು ಮೈಗೆ ತಾಕಿದರೆ ಬೊಬ್ಬೆ ಏಳುವುದರಿಂದ ಕೈಗೆ ಚೀಲ ಕಟ್ಟಿಕೊಂಡೇ ಬಳಿದರು. ಸೂರಿನ ನೀರು ಬೀಳುವ ಸಾಲಿಗೆ ಅಗೆದು ಜಲ್ಲಿ ತುಂಬಿದರು. ಒಳಗೆ ಚಪ್ಪಡಿ ಹಾಸಿ, ಸಾಮಾನುಗಳನ್ನು ಗೋಡೆಯಿಂದ ಗೇಣು ಬಿಟ್ಟು ಹಲಗೆಯ ಮೇಲೆ ಜೋಡಿಸಿದರು. ಹಿಂಬದಿಯ ಸಾರಿನ ಒಡಕು ಸಿಮೆಂಟ್ ಶೀಟುಗಳನ್ನು ನೆನೆಸಿ, ಪುಡಿಯಾಗದಂತೆ ಇಡಿಯಾಗಿ ಇಳಿಸಿದ್ದು ಒಳ್ಳೆಯ ವಿವೇಕ. ಅವುಗಳಲ್ಲಿರುವ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಒಡೆದ ಹೆಂಚುಗಳ ಜಾಗಕ್ಕೆ ಊರಿನಲ್ಲೇ ಕೆಡವಿದ ಮನೆಯೊಂದರ ಮಂಗಳೂರು ಹೆಂಚು ಸಿಕ್ಕಿತು.

ಕೊಟ್ಟಿಗೆಗೆ ಇಷ್ಟೆಲ್ಲ ಏಕೆ ಎಂದು ನೆಂಟರೊಬ್ಬರು ನಕ್ಕರು. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲುಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ಸುಮಾರು ನೂರು ಮೀಟರು ಆಚೆಗೆ ಸರಿಸಿ ಉಳಿಸಿಕೊಂಡರು. ಅದೂ ಸಾಮಾನು ಇಡುವ ಉಗ್ರಾಣವೇ. ಬಡವರ ಕೊಟ್ಟಿಗೆಯನ್ನು ಎತ್ತಿ ಸರಿಸಲು ಯಾವ ಯಂತ್ರವೂ ಬರುವುದಿಲ್ಲ, ವರುಷಕ್ಕೊಮ್ಮೆ ಹೆಂಚು ಕೈಯಾಡಿಸಿ, ಸುಣ್ಣ ಬಳಿದು ಉಳಿಸಿಕೊಳ್ಳಬೇಕು.

ನಾಲ್ಕನೆಯ ದಿನ ಬೆಳಗ್ಗೆ ಮಗ ಎದ್ದು ಬರುವ ಹೊತ್ತಿಗೆ ತಾಯಿ ಹಿತ್ತಿಲಿನಲ್ಲಿ ಕುಳಿತು ಹುಣಸೆಹಣ್ಣು ಬೂದಿ ಹಾಕಿ ಕೊಳಗ ಬೆಳಗುತ್ತಿದ್ದರು. ಅಕ್ಷರಗಳ ಸಂದನ್ನು ತೆಂಗಿನ ನಾರಿನಿಂದ ತಿಕ್ಕಿದರು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ತಲೆತುಂಬ ರಾಗಿ ತುಂಬಿಸಿದರು. ಮಗ ಹೊತ್ತುಕೊಂಡರು, ತಾಯಿ ಕೋಲೂರಿಕೊಂಡು ಕರೆಯೋಲೆ ಹಿಡಿದು ಮುಂದೆ ನಡೆದರು.

ಆ ಮನೆಯ ಜಗಲಿಯ ಮೇಲೆ ದೊಡ್ಡವ್ವ ಕುಳಿತಿದ್ದರು. "ಅಕ್ಕ, ಇದು ನಮ್ಮ ವಾಡೆಯಲ್ಲೇ ಇತ್ತು" ಎಂದು ತಾಯಿ ಹೇಳಿದರು. ಹೇಗೆ, ಏಕೆ ಎಂಬುದೊಂದನ್ನೂ ಸೇರಿಸಲಿಲ್ಲ. ದೊಡ್ಡವ್ವ ರಾಗಿಯನ್ನು ಮೊರಕ್ಕೆ ಸುರಿದುಕೊಂಡು, ಕೊಳಗವನ್ನು ತಿರುಗಿಸಿ, ಗಂಡನ ಹೆಸರಿನ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ನಡುಗೋಡೆಯ ಮೇಲಿನಿಂದ ಕಾಣುತ್ತಿದ್ದ ಹೆಂಚಿನ ಕಡೆ ನೋಡಿ, "ಕೈಯಾಡ್ಸ್ದೋರು ಯಾರ್ ಮಗಾ? ಮದ್ವೆ ಮುಗೀಲಿ, ನಮ್ ಕೊಟ್ಟಿಗೆಗೂ ಬರೋಕ್ ಹೇಳು" ಎಂದರು.